ಮಾಬು ಮುಟ್ಟದ ಪೆಟ್ಟಿಗೆ

ಹೋದ ವಾರ ಧಾರವಾಡದ ನಮ್ಮ ಓಣಿಯಲ್ಲಿ ಪಕ್ಕದ ಮನೆಯವರು ಹಳೆಯ ಗಾದಿಗಳನ್ನು ಬಿಚ್ಚಿಸಿ ಅರಳೆ ಹಿಂಜಿಸಿದರು. ಬಿಲ್ಲಿನಂಥ ಸಲಕರಣೆಯನ್ನು ಹೆಗಲಿಗೇರಿಸಿಕೊಂಡು, ಅದರ ತಂತಿಯನ್ನು ಟಂಯ್ ಎನ್ನಿಸುತ್ತ ಓಣಿಗಳಲ್ಲಿ ತಿರುಗುವವರು ಈಗ ಯಾರೂ ಇಲ್ಲ. ಸಣ್ಣ ಗಾಡಿಯ ಮೇಲೆ ಯಂತ್ರವೇ ಬಂದು ನಿಂತಿತ್ತು. ಅದು ಉಗುಳಿದ ಧೂಳು ಕಿಟಕಿಯಿಂದ ಒಳಗೆ ನುಗ್ಗಿ, ಒಣಗಿದ, ಸ್ವಲ್ಪ ಜಿಡ್ಡು ಜಿಡ್ಡಾದ ಹಳೆಯ ಅರಳೆಯ ವಾಸನೆ ಅಡುಗೆಮನೆಯ ತನಕ ತುಂಬಿತು. ಮಗಳು ಸೀನುತ್ತ, "ಕಿಟಕಿ ಹಾಕವ್ವಾ" ಎಂದಳು. ನಾನು ಹಾಕದೆ ಅಲ್ಲೇ ನಿಂತುಬಿಟ್ಟೆ. ಆ ವಾಸನೆಗೆ ನನ್ನ ಮಟ್ಟಿಗೆ ಒಂದೇ ಊರಿದೆ, ಒಂದೇ ಮಳೆಗಾಲವಿದೆ.

ಧಾರವಾಡ ಜಿಲ್ಲೆಯನ್ನು ಒಡೆದು ಗದಗವನ್ನು ಬೇರೆ ಜಿಲ್ಲೆ ಮಾಡಿದ ಹೊಸತು. ಬಾಡಿಗೆ ಕಟ್ಟಡಗಳ ಮೇಲೆ ಕಚೇರಿಗಳ ಹೊಸ ಬೋರ್ಡುಗಳು ಏರುತ್ತಿದ್ದವು. ಬಣ್ಣ ಇನ್ನೂ ಆರಿರದ ಬೋರ್ಡುಗಳ ಕೆಳಗೆ ಜನ ಯಾವ ಅರ್ಜಿಯನ್ನು ಎಲ್ಲಿ ಕೊಡಬೇಕೆಂದು ತಿಳಿಯದೆ ನಿಂತಿರುತ್ತಿದ್ದರು. ಬೆಟಗೇರಿಯಲ್ಲಿ ನಮ್ಮದು ಹಳೆಯ ಮನೆ. ನಾನು ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಮುಂದೇನು ಎಂದು ಗೊತ್ತಾಗದೆ ಕೂತಿದ್ದೆ. ಆ ಹೊತ್ತಿಗೆ ವಾಸಂತಿ ಮೇಡಂ ಎಂಬ ಸಂಶೋಧಕಿ ಬೆಂಗಳೂರಿನಿಂದ ಬಂದರು. ಮೂರು ವರ್ಷದಿಂದ ಐದು ವರ್ಷದೊಳಗಿನ ಮಕ್ಕಳು 'ಇದರಿಂದ ಅದು ಆಯಿತು' ಎಂಬುದನ್ನು ಹೇಗೆ ಕಲಿಯುತ್ತಾರೆ ಎಂದು ತಿಳಿಯುವುದು ಅವರ ಕೆಲಸ. ಅಂಗನವಾಡಿಗಳಲ್ಲಿ ಮಕ್ಕಳ ಜೊತೆ ಕೂತು ಪ್ರಯೋಗ ಮಾಡಲು, ಈ ಕಡೆಯ ಮಾತು ಬಲ್ಲ ಹುಡುಗಿಯೊಬ್ಬಳು ಅವರಿಗೆ ಬೇಕಾಗಿತ್ತು. ನನ್ನನ್ನು ತೆಗೆದುಕೊಂಡರು.

ಪ್ರಯೋಗ ನೋಡಲಿಕ್ಕೆ ಆಟದ ಹಾಗೆ. ಒಂದು ಕಟ್ಟಿಗೆಯ ಪೆಟ್ಟಿಗೆ, ಜೊತೆಗೆ ಬೇರೆ ಬೇರೆ ಬಣ್ಣದ ಮರದ ತುಂಡುಗಳು. ಕೆಲವು ತುಂಡು ಇಟ್ಟರೆ ಪೆಟ್ಟಿಗೆ ಹಾಡುತ್ತದೆ, ಕೆಲವು ಇಟ್ಟರೆ ಸುಮ್ಮನಿರುತ್ತದೆ. ಎರಡನ್ನು ಒಟ್ಟಿಗೆ ಇಟ್ಟಾಗ ಹಾಡಿದರೆ, ಹಾಡಿಸಿದ್ದು ಯಾವುದು? ಮಗು ಅದನ್ನು ಹೇಗೆ ಬಿಡಿಸಿಕೊಳ್ಳುತ್ತದೆ? ನಾವು ನೋಡಬೇಕಾದದ್ದು ಇಷ್ಟೇ. ನಿಜವಾಗಿ ತುಂಡುಗಳಿಗೂ ಹಾಡಿಗೂ ಯಾವ ಸಂಬಂಧವೂ ಇರಲಿಲ್ಲ. ಹಾಸಿದ ಜಮಖಾನದ ಕೆಳಗೆ, ಪೆಟ್ಟಿಗೆಗೆ ತಂತಿಯಿಂದ ಜೋಡಿಸಿದ ಒಂದು ಗುಂಡಿ ಇರುತ್ತಿತ್ತು. ಅದನ್ನು ನಾನು ಮೊಣಕಾಲಿನಿಂದ ಒತ್ತುತ್ತಿದ್ದೆ.

ಜೂನಿನಲ್ಲಿ ಮಿರುಗದ ಮಳೆ ಬಿದ್ದ ಮೇಲೆ ನನ್ನ ತಿರುಗಾಟ ಶುರುವಾಯಿತು. ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿ ತೊಡೆಯ ಮೇಲಿಟ್ಟುಕೊಂಡು ಬೆಳಗಿನ ಬಸ್ಸು ಹತ್ತುತ್ತಿದ್ದೆ. ಒಂದು ದಿನ ಬಿಂಕದಕಟ್ಟಿ, ಒಂದು ದಿನ ಶಿರಹಟ್ಟಿ, ಮತ್ತೊಂದು ದಿನ ಮುಂಡರಗಿ. ದಾರಿಯುದ್ದಕ್ಕೂ ಎರೆಹೊಲದಲ್ಲಿ ಹೆಸರು ಬಿತ್ತುವವರು, ಚಪ್ಪಲಿಗೆ ಇಟ್ಟಿಗೆಯಷ್ಟು ಮಣ್ಣು ಮೆತ್ತಿಕೊಂಡು ಬಸ್ಸು ಹತ್ತುವವರು, ಅವರನ್ನು ಬೈಯುವ ಕಂಡಕ್ಟರು. ಮಕ್ಕಳು ನನ್ನನ್ನು 'ಪೆಟ್ಟಿಗಿ ಅಕ್ಕೋರು' ಎಂದು ಕರೆಯುತ್ತಿದ್ದರು. ಪೆಟ್ಟಿಗೆ ಯಾಕೆ ಹಾಡುತ್ತದೆ ಎಂದು ಕೇಳಿದರೆ ಶಿರಹಟ್ಟಿಯ ಹುಡುಗನೊಬ್ಬ, "ಅದಕ್ಕ ಹಸಿವಾಗೇತ್ರಿ. ಕೆಂಪಂದು ಅದಕ್ಕ ಸೇರತೈತಿ, ನೀಲಿದು ಸೇರಂಗಿಲ್ಲ" ಎಂದಿದ್ದ. ಮುಂಡರಗಿಯ ಒಂದು ಮಗು ಪೆಟ್ಟಿಗೆಗೆ ಕಿವಿ ಹಚ್ಚಿ, "ಒಳಗ ಇರೋರು ಉಂಡಾರೇನ್ರಿ?" ಎಂದು ಕೇಳಿತ್ತು. ಇದನ್ನೆಲ್ಲ ಮೇಡಂಗೆ ಫೋನಿನಲ್ಲಿ ಹೇಳಿದರೆ ಅವರು ಮನಸಾರೆ ನಗುತ್ತಿದ್ದರು. ಆ ದಿನಗಳಲ್ಲಿ ನನಗೆ ಇದಕ್ಕಿಂತ ಚೆಂದದ ಕೆಲಸ ಇನ್ನೊಂದಿಲ್ಲ ಅನ್ನಿಸಿತ್ತು.

ಲಕ್ಷ್ಮೇಶ್ವರದ ಅಂಗನವಾಡಿ ಒಂದು ಇಕ್ಕಟ್ಟಾದ ಓಣಿಯಲ್ಲಿತ್ತು. ನಡೆಸುತ್ತಿದ್ದವಳು ಗಿರಿಜಕ್ಕ. ಅದರ ಎದುರು ಮನೆ ಹುಸೇನಸಾಬನದು. ಅರಳೆ ಹಿಂಜಿ ಗಾದಿ ಹೊಲಿಯುವ ಪಿಂಜಾರ ಮನೆತನ. ಮನೆಯೊಳಗೆ ಆಡುವ ಮಾತು ಕನ್ನಡವೇ. ಪಡಸಾಲೆಯ ಒಂದು ಮೂಲೆಯಲ್ಲಿ ಯಾವಾಗಲೂ ಅರಳೆಯ ರಾಶಿ ಇರುತ್ತಿತ್ತು. ಅವನ ಹೆಂಡತಿ ಶರೀಫಾ, ತಾಯಿ ಇಮಾಮಬಿ, ಮತ್ತು ನಾಲ್ಕು ವರ್ಷದ ಮಗಳು ಮಾಬು. ಶರೀಫಾ ಆಗ ಎರಡನೆಯ ಬಾರಿ ಬಸುರಿ.

ಮಾಬುಳನ್ನು ಮೊದಲ ದಿನವೇ ಗುರುತು ಹಿಡಿದೆ. ಕೂದಲಿಗೆಲ್ಲ ಅರಳೆಯ ಎಳೆ ಅಂಟಿಸಿಕೊಂಡು ಬಂದು ಕೂತಳು. ಬೇರೆ ಮಕ್ಕಳು ಪೆಟ್ಟಿಗೆ ಹಾಡಿದ ಕೂಡಲೇ ಕೇಕೆ ಹಾಕುತ್ತಿದ್ದವು. ಅವಳು ಹಾಡು ನಿಲ್ಲುವ ತನಕ ಕಾಯ್ದಳು. ಆಮೇಲೆ ಅದೇ ತುಂಡನ್ನು ತಿರುವಿ ಇಟ್ಟಳು. ನಿಲ್ಲಿಸಿ ಇಟ್ಟಳು. ಅಂಚಿಗೆ ಇಟ್ಟಳು. ಎಡಗೈಯಿಂದ ಇಟ್ಟಳು. ಪ್ರತಿ ಸಲವೂ ಪೆಟ್ಟಿಗೆಗಿಂತ ಹೆಚ್ಚಾಗಿ ನನ್ನ ಮುಖ ನೋಡಿದಳು. ನಾನು ಗುಂಡಿ ಒತ್ತುವುದರಲ್ಲಿ ಸ್ವಲ್ಪ ತಡಮಾಡಿದಾಗ, "ಅಕ್ಕೋರ, ಇದು ವಿಚಾರ ಮಾಡಾಕ ಹತ್ತೇತಿ" ಎಂದಳು.

"ಯಾವುದು?"

"ಪೆಟ್ಟಿಗಿ. ಹಾಡಲೋ ಬ್ಯಾಡೋ ಅಂತ."

ಕೆಲಸ ಮುಗಿದ ಮೇಲೂ ಅವಳು ನನ್ನನ್ನು ಬಿಡುತ್ತಿರಲಿಲ್ಲ. ಸೆರಗು ಹಿಡಿದು ಎದುರು ಮನೆಗೆ ಎಳೆದೊಯ್ಯುತ್ತಿದ್ದಳು. ಶರೀಫಾ ಚಹಾ ಮಾಡುತ್ತ ಮಗಳ ಮೇಲೆ ದೂರು ಹೇಳುತ್ತಿದ್ದಳು. "ಇಡೀ ದಿನಾ ಯಾಕ, ಯಾಕ ಅಂತ ಜೀವ ತಿಂತಾಳ್ರಿ ಅಕ್ಕೋರ. ಮೊನ್ನೆ ಉಪ್ಪಿನ ಡಬ್ಬಿ ನೀರಾಗ ಸುರುವ್ಯಾಳ. ಯಾಕಲೇ ಅಂದ್ರ, ಎಲ್ಲಿ ಹೋಕ್ಕೈತಿ ನೋಡಾಕ ಅಂತಾಳ." ದೂರಿನ ಧ್ವನಿಯಲ್ಲಿ ಹೆಮ್ಮೆಯೇ ಇರುತ್ತಿತ್ತು. "ಇಕೀನ್ನ ನಿಮ್ಮಂಗ ಸಾಲಿ ಕಲಿಸ್ತೀನ್ರಿ" ಎಂದೂ ಒಂದು ಸಲ ಹೇಳಿದ್ದಳು. ಹುಸೇನಸಾಬ ಅರಳೆಯ ರಾಶಿಯ ಹಿಂದಿನಿಂದ ನಕ್ಕು, "ಮೊದಲ ನಿನ್ನ ಉಪ್ಪಿನ ಡಬ್ಬಿ ಎತ್ತಿಡು" ಎಂದಿದ್ದ.

ಶ್ರಾವಣದಲ್ಲಿ ಮಳೆ ಹಿಡಿದುಕೊಂಡಿತು. ಆ ವರ್ಷ ಹೊಡೆದು ಬಿಡುವ ಮಳೆಯಲ್ಲ, ಹಗಲೂ ರಾತ್ರಿ ಜಿನುಗುವ ಜಿಟಿಜಿಟಿ ಮಳೆ. ಬಸ್ಸುಗಳು ಸರಿಯಾಗಿ ಓಡದೆ ನನಗೆ ಕೆಲವು ದಿನ ಲಕ್ಷ್ಮೇಶ್ವರಕ್ಕೆ ಹೋಗಲಾಗಲಿಲ್ಲ. ಮಳೆ ಸ್ವಲ್ಪ ಬಿಟ್ಟ ಮೇಲೆ ಹೋದರೆ ಅಂಗನವಾಡಿಯ ಬಾಗಿಲಲ್ಲೇ ಗಿರಿಜಕ್ಕ ನನ್ನನ್ನು ತಡೆದು ನಿಲ್ಲಿಸಿದಳು.

"ಶರೀಫಾ ಹೋದಳ್ರಿ" ಎಂದಳು.

ಎಲ್ಲಿಗೆ ಎಂದು ಕೇಳಿದೆ. ಗಿರಿಜಕ್ಕ ಅಳುತ್ತಿದ್ದುದನ್ನು ನೋಡಿದ ಮೇಲೆ ಅರ್ಥವಾಯಿತು.

ಅವಳು ಹೇಳಿದ್ದು ಇಷ್ಟು. ಆವತ್ತು ಮಧ್ಯಾಹ್ನ ಮಳೆಯ ದೆಸೆಯಿಂದ ಮಕ್ಕಳೆಲ್ಲ ಮನೆಯಲ್ಲೇ ಇದ್ದರು. ಮಾಬು ಅರಳೆಯ ರಾಶಿಯೊಳಗೆ ಅಡಗಿ ಕೂತಿದ್ದಳು. ಶರೀಫಾ ನೀರಿನ ಕೊಡ ಹೊತ್ತು ಒಳಗೆ ಬಂದಾಗ ರಾಶಿಯಿಂದ ಎದ್ದು "ಭೋ!" ಎಂದಳು. ಶರೀಫಾ ಬೆಚ್ಚಿ ಕೊಡ ಬಿಟ್ಟು ನೆಲಕ್ಕೆ ಕೂತಳು. ಆಮೇಲೆ ತಾಯಿ ಮಗಳು ಇಬ್ಬರೂ ನಕ್ಕರಂತೆ, ಸೇರಿಯೇ ನೀರು ಬಳಿದರಂತೆ. ದೀಪ ಹಚ್ಚುವ ಹೊತ್ತಿಗೆ ರಕ್ತ ಹೋಗಲು ಶುರುವಾಯಿತು. ದಿನ ತುಂಬಲು ಇನ್ನೂ ಬಹಳ ಇತ್ತು. ಜೀಪು ಸಿಗುವುದಕ್ಕೆ ತಡವಾಯಿತು. ಸಿಕ್ಕ ಜೀಪು ದಾರಿಯಲ್ಲಿ ಹಳ್ಳ ತುಂಬಿ ನಿಂತಿತು. ಮೊದಲು ಮುಟ್ಟಿದ ಆಸ್ಪತ್ರೆಯಲ್ಲಿ ಕೊಡಲು ರಕ್ತ ಇರಲಿಲ್ಲ, ಮುಂದಕ್ಕೆ ಹುಬ್ಬಳ್ಳಿಗೆ ಕಳಿಸಿದರು. ಹುಬ್ಬಳ್ಳಿಯಲ್ಲಿ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಗಂಡು. ಅಂಗೈಯಷ್ಟಿತ್ತಂತೆ. ಶರೀಫಾ ಅದರ ಮುಖ ನೋಡಲಿಲ್ಲ.

ನಾನು ಎದುರು ಮನೆಗೆ ಹೋದೆ. ಹುಸೇನಸಾಬ ಗೋಡೆಗೆ ಒರಗಿ ಕೂತಿದ್ದ. ಇಮಾಮಬಿಯ ಮಡಿಲಲ್ಲಿ ಅರಳೆಯ ಮುದ್ದೆಯ ನಡುವೆ ಒಂದು ಸಣ್ಣ ಮುಖ. ಆ ಅರಳೆಯನ್ನು ಹುಸೇನಸಾಬ ಮತ್ತೆ ಮತ್ತೆ ಹಿಂಜಿ ಹೊಗೆಯಂತೆ ಮೆತ್ತಗೆ ಮಾಡಿದ್ದ. ಮುದುಕಿ ಬತ್ತಿಯಿಂದ ಹಾಲಿನ ಹನಿ ತೊಟ್ಟಿಕ್ಕಿಸುತ್ತ ಅಳುತ್ತಿದ್ದಳು. ಬಂದವರಿಗೆಲ್ಲ ಹೇಳಿದ್ದನ್ನೇ ನನಗೂ ಹೇಳಿದಳು. "ಏನ್ ಹೇಳ್ಲೆವ್ವಾ. ಈ ಹುಡುಗಿ ಹೆದರಿಸಿದ್ದ ಒಂದ ನೆವ ಆತು. ಭೋ ಅಂತು, ನನ್ನ ಸೊಸಿ ಕುಂತ್ಳು, ಹೋದ್ಳು."

ಮಾಬು ಹೊಸ್ತಿಲ ಬಳಿ ನಿಂತಿದ್ದಳು. ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡಿದ್ದಳು. ಅಜ್ಜಿಯ ಮಾತನ್ನು ಅವಳು ಅದೆಷ್ಟು ಸಲ ಕೇಳಿದ್ದಳೋ. ಅಳುತ್ತಿರಲಿಲ್ಲ. ಪೆಟ್ಟಿಗೆಯ ಮುಂದೆ ಕೂತಾಗ ಇರುತ್ತಿದ್ದ ಅದೇ ಲಕ್ಷ್ಯ ಅವಳ ಮುಖದಲ್ಲಿ ಕಂಡಿತು.

ಮುಂದಿನ ಸಲ ಹೋದಾಗ ಗಿರಿಜಕ್ಕ ಅವಳನ್ನು ಅಂಗನವಾಡಿಗೆ ಕರೆತಂದಿದ್ದಳು. ನಾನು ಪೆಟ್ಟಿಗೆ ತೆರೆದೆ. ಬೇರೆ ಮಕ್ಕಳು ಮುಗಿಬಿದ್ದವು. ಮಾಬು ಮುಂದೆ ಬರಲಿಲ್ಲ. ಕೆಂಪು ತುಂಡು ಕೊಡಲು ಹೋದರೆ ಹಿಂದೆ ಸರಿದಳು.

"ಇಡು ಮಾಬು. ಹಾಡತೈತೋ ಇಲ್ಲೋ ನೋಡೂಣು."

"ನಾ ಮುಟ್ಟಂಗಿಲ್ಲ."

"ಯಾಕವ್ವಾ?"

"ನಾ ಮುಟ್ಟಿದ್ರ ಆಕ್ಕೈತಿ."

"ಏನಾಕ್ಕೈತಿ?"

ಅವಳು ಕೈಗಳನ್ನು ಮತ್ತೆ ಕಂಕುಳಲ್ಲಿ ಅವುಚಿಕೊಂಡಳು. ಗಿರಿಜಕ್ಕ ಆಮೇಲೆ ತಿಳಿಸಿದಳು. ಮಾಬು ಅಂಗನವಾಡಿಯಲ್ಲಿ ಕೊಟ್ಟ ಉಪ್ಪಿಟ್ಟನ್ನೂ ತಾನಾಗಿ ತೆಗೆದುಕೊಳ್ಳುವುದಿಲ್ಲ, ಯಾರಾದರೂ ತಿನ್ನಿಸಬೇಕು. ಬೇರೆ ಮಕ್ಕಳು ಕೈ ಹಿಡಿಯಲು ಬಂದರೆ ಚೀರುತ್ತಾಳೆ. ಮನೆಯಲ್ಲಿ ತಮ್ಮ ಇರುವ ಮೂಲೆಗೆ ಹೋಗುವುದೇ ಇಲ್ಲ, ಗೋಡೆ ಹಿಡಿದುಕೊಂಡು ಸುತ್ತಿ ಬಳಸಿ ಹೋಗುತ್ತಾಳೆ. ಜೋರಾಗಿ ಮಾತಾಡುವುದನ್ನಂತೂ ಬಿಟ್ಟೇಬಿಟ್ಟಿದ್ದಳು. ಅವಳ ಮಾತು ಕೇಳಬೇಕಾದರೆ ಬಾಯಿಯ ಹತ್ತಿರ ಕಿವಿ ಒಯ್ಯಬೇಕಿತ್ತು.

ಆ ತಿಂಗಳು ವಾಸಂತಿ ಮೇಡಂ ಗದಗಕ್ಕೆ ಬಂದರು. ಸ್ಟೇಷನ್ ಹತ್ತಿರದ ಲಾಡ್ಜಿನಲ್ಲಿ ಕೂತು ನಾನು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಅವಳು ತಪ್ಪು ಮಾಡ್ತಾ ಇಲ್ಲ ಸುಜಾತಾ" ಎಂದರು. "ಅವಳು ನೋಡಿದ್ದು ಅಷ್ಟೇ. ಮೊದಲು ತಾನು ಕೂಗಿದ್ದು, ಆಮೇಲೆ ಅಮ್ಮ ಬಿದ್ದಿದ್ದು, ಆಮೇಲೆ ಅಮ್ಮ ಇಲ್ಲ. ಆ ವಯಸ್ಸಿಗೆ ಅದಕ್ಕಿಂತ ಚೆನ್ನಾಗಿ ಯಾರು ಯೋಚನೆ ಮಾಡ್ತಾರೆ?"

"ಹಂಗಾದ್ರ ಏನ್ ಮಾಡೋದ್ರಿ ಮೇಡಂ?"

"ಮಕ್ಕಳು ಹೇಗೆ ಕಲೀತಾರೆ ಅಂತ ನೋಡೋಕೆ ಬಂದವಳು ನಾನು. ಹೀಗೆ ಕಲಿತಿದ್ದನ್ನ ಬಿಡಿಸೋದು ಹೇಗೆ ಅಂತ ನನಗೆ ಗೊತ್ತಿಲ್ಲ." ಕನ್ನಡಕ ಹಾಕಿಕೊಂಡು, "ಅಜ್ಜಿ ಆ ಮಾತು ಆಡೋದನ್ನ ಮೊದಲು ನಿಲ್ಲಿಸು. ಆಮೇಲೆ, ನಿನಗೆ ಸರಿ ಅನ್ನಿಸಿದ್ರೆ, ಪೆಟ್ಟಿಗೆಯ ಗುಟ್ಟು ಅವಳಿಗೆ ತೋರಿಸು. ಲಕ್ಷ್ಮೇಶ್ವರದ ಪ್ರಯೋಗ ಕೆಟ್ಟರೆ ಕೆಡಲಿ" ಎಂದರು. ಅವರು ಒಳ್ಳೆಯ ಹೆಂಗಸು. ಇಷ್ಟಕ್ಕಿಂತ ಹೆಚ್ಚು ಅವರ ಕೈಯಲ್ಲೂ ಇರಲಿಲ್ಲ.

ಒಂದು ಮಧ್ಯಾಹ್ನ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಮಾಬುಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಜಮಖಾನ ಎತ್ತಿದೆ. ತಂತಿ ತೋರಿಸಿದೆ, ಗುಂಡಿ ತೋರಿಸಿದೆ. ಕೆಂಪು ತುಂಡನ್ನು ಪೆಟ್ಟಿಗೆಯ ಮೇಲಿಟ್ಟು ಸುಮ್ಮನೆ ಕೂತೆ. ಪೆಟ್ಟಿಗೆ ಹಾಡಲಿಲ್ಲ. ತುಂಡನ್ನು ತೆಗೆದು ಗುಂಡಿ ಒತ್ತಿದೆ. ಹಾಡಿತು.

"ನೋಡಿದೇನು? ತುಂಡಿಂದ ಏನೂ ಆಗಿದ್ದಿಲ್ಲ. ನೀ ಇಟ್ಟಿದ್ದಕ್ಕ ಹಾಡ್ತಿದ್ದಿಲ್ಲ. ಕೆಳಗ ನಾ ಒತ್ತತಿದ್ದೆ. ನಿನಗ ಕಾಣತಿದ್ದಿಲ್ಲ, ಅಷ್ಟ."

ಅವಳು ಬಗ್ಗಿ ಗುಂಡಿಯನ್ನು ನೋಡಿದಳು. ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಕಣ್ಣಲ್ಲೇ ಹಿಡಿದುಕೊಂಡು ಹೋದಳು. ನಾನು ಹೇಳಲು ಕಾದಿದ್ದ ಮಾತು ಹೇಳಿದೆ. "ಹಂಗ ಮಾಬು, ನೀ ಭೋ ಅಂದಿದ್ದಕ್ಕ ಅವ್ವ ಹೋಗಲಿಲ್ಲ. ಅದು ಬ್ಯಾರೆ, ಇದು ಬ್ಯಾರೆ."

ಅವಳು ಮತ್ತೆ ಗುಂಡಿಯ ಕಡೆ ನೋಡಿದಳು. ಹೊರಗೆ ಮಳೆ ನಿಂತು ಹಂಚಿನಿಂದ ನೀರು ಸೋರುತ್ತಿತ್ತು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಕೇಳಿದಳು.

"ಹಂಗಾರ ಅವ್ವಗ ಕೆಳಗ ಯಾರ್ ಒತ್ತಿದ್ರು?"

ಆವತ್ತು ನಾನು ದೇವರು ಎನ್ನಲಿಲ್ಲ. ದೇವರೆಂದರೆ, ಯಾಕೆ ಒತ್ತಿದ ಎಂದು ಕೇಳುತ್ತಿದ್ದಳು. ಹಳ್ಳ, ಜೀಪು, ಇಲ್ಲದ ರಕ್ತ, ಇದನ್ನೆಲ್ಲ ನಾಲ್ಕು ವರ್ಷದ ಮಗುವಿಗೆ ಹೇಗೆ ಹೇಳುವುದು? "ಯಾರೂ ಒತ್ತಲಿಲ್ಲವ್ವಾ" ಎಂದೆ. ಅವಳು ನನ್ನ ಮುಖ ನೋಡಿದಳು. ಯಾರೂ ಒತ್ತದೆ ಪೆಟ್ಟಿಗೆ ಹಾಡುವುದಿಲ್ಲ ಎಂದು ಈಗಷ್ಟೇ ನಾನೇ ತೋರಿಸಿದ್ದೆ.

ಉಳಿದದ್ದು ಅಜ್ಜಿಯ ಮಾತನ್ನು ನಿಲ್ಲಿಸುವುದು. ನಾನು ಹೇಳಿದರೆ ಇಮಾಮಬಿ ಕೇಳುವಂತಿರಲಿಲ್ಲ. ಕೂಸನ್ನು ತೋರಿಸಲು ಅವರು ಊರಿನ ಒಬ್ಬ ಡಾಕ್ಟರಮ್ಮನ ಹತ್ತಿರ ಹೋಗುತ್ತಿದ್ದರು. ಒಂದು ದಿನ ನಾನೂ ಜೊತೆಗೆ ಹೋದೆ. ಹುಬ್ಬಳ್ಳಿಯ ಆಸ್ಪತ್ರೆಯ ಕಾಗದಪತ್ರ ನೋಡಿ ಡಾಕ್ಟರಮ್ಮ ಮುದುಕಿಗೆ ಬಿಡಿಸಿ ಹೇಳಿದರು. ಮಗುವಿಗೆ ರಕ್ತ ಒದಗಿಸುವ ಮಾಸು ಗರ್ಭದ ಬಾಯಿಗೇ ಅಂಟಿಕೊಂಡಿತ್ತು. ಯಾರು ಹೆದರಿಸಲಿ ಬಿಡಲಿ, ಆವತ್ತಲ್ಲದಿದ್ದರೆ ಮರುದಿನ ರಕ್ತ ಹೋಗುವುದಿತ್ತು.

ಇಮಾಮಬಿ ಕೇಳಿಸಿಕೊಂಡಳು. ಮನೆಗೆ ಬಂದು ಮಾಬುಳನ್ನು ಕರೆದು, ಕಂಕುಳಿನಿಂದ ಅವಳ ಕೈಗಳನ್ನು ಬಿಡಿಸಿ ತನ್ನ ಗಲ್ಲಕ್ಕೆ ಒತ್ತಿಕೊಂಡಳು.

"ನಂದು ಹೊಲಸ ಬಾಯಿ ಅದವ್ವಾ" ಎಂದಳು. "ನೀ ಏನೂ ಮಾಡಿಲ್ಲ. ಡಾಕ್ಟರಬಾಯಿ ಹೇಳ್ಯಾಳ. ಅವ್ವಗ ಒಳಗ ಜಡ್ಡಿತ್ತು. ನೀ ಏನೂ ಮಾಡಿಲ್ಲ ನನ ಬಂಗಾರಿ."

ಆಮೇಲೆ ಅವಳನ್ನು ಗೋಡೆಗೆ ಒರಗಿಸಿ ಕೂಡಿಸಿ, ಅರಳೆಯ ಸಮೇತ ತಮ್ಮನನ್ನು ಅವಳ ತೊಡೆಯ ಮೇಲಿಟ್ಟಳು. ಮಾಬು ಮೊದಲು ಕೈಗಳನ್ನು ಗಾಳಿಯಲ್ಲೇ ಹಿಡಿದಿದ್ದಳು. ಮಗು ಆಕಳಿಸಿತು. ಅದರ ಬೆರಳುಗಳು ಅರಳೆಯಿಂದ ಹೊರಗೆ ಬಂದು ಏನನ್ನೋ ತಡಕಿದವು. ಮಾಬು ಒಂದು ಬೆರಳು ಮುಂದೆ ಚಾಚಿದಳು. ಮಗು ಅದನ್ನು ಹಿಡಿದುಕೊಂಡಿತು. ಹುಸೇನಸಾಬ ಎದ್ದು ಹಿತ್ತಿಲಿಗೆ ಹೋದ. ಅವನು ಅಳುವುದು ನಮಗೆಲ್ಲ ಕೇಳಿಸುತ್ತಿತ್ತು.

ಅಲ್ಲಿಂದ ಕೆಲವು ವಾರ, ಹೇಳಬೇಕೆಂದರೆ, ಒಳ್ಳೆಯ ದಿನಗಳೇ. ಮಳೆ ಕಳೆದು ಬಿಸಿಲು ಬಂತು. ಹೊಲಗಳಲ್ಲಿ ಹತ್ತಿ ಬಿಡಿಸುತ್ತಿದ್ದರು. ಲಕ್ಷ್ಮೇಶ್ವರದ ದಾರಿಯಲ್ಲಿ ಹತ್ತಿ ಹೇರಿದ ಗಾಡಿಗಳು ಬಸ್ಸಿಗೆ ದಾರಿ ಬಿಡದೆ ಸಾಲಾಗಿ ಹೋಗುತ್ತಿದ್ದವು. ತಮ್ಮನಿಗೆ ಬಾಬಾಜಾನ ಎಂದು ಹೆಸರಿಟ್ಟರು. ಮಾಬು ಅವನ ಬಗ್ಗೆ ನನಗೆ ಖಬರು ಕೊಡುತ್ತಿದ್ದಳು. "ನಾ ಬಂದ್ರ ಅವ ಕಣ್ಣ ತಗೀತಾನ್ರಿ. ಅಜ್ಜಿ ಬಂದ್ರ ತಗಿಯಂಗಿಲ್ಲ. ನಾ ನೋಡೇನಿ." ಅಂಗನವಾಡಿಯಲ್ಲಿ ನನ್ನ ಬದಿಗೆ ಕೂತು, ಗುಂಡಿಯನ್ನು ತಾನೇ ಒತ್ತುತ್ತೇನೆ ಎಂದು ಹಟ ಮಾಡಿದಳು. ಒತ್ತಲು ಬಿಟ್ಟೆ. ಎದುರಿನ ಹುಡುಗ ಹಸಿರು ತುಂಡು ಇಟ್ಟು ಪೆಟ್ಟಿಗೆ ಹಾಡಿದ್ದಕ್ಕೆ ಕಣ್ಣರಳಿಸಿದಾಗ, ಇವಳು ನಗು ತಡೆಯಲಾಗದೆ ನನ್ನ ತೋಳಿನಲ್ಲಿ ಮುಖ ಹುದುಗಿಸಿದಳು. ಆ ದಿನ ಬೆಟಗೇರಿಗೆ ಮರಳುವಾಗ, ಬಸ್ಸಿನಲ್ಲಿ ಒಬ್ಬಳೇ ನಕ್ಕಿದ್ದೆ.

ಆದರೆ ಡಾಕ್ಟರಮ್ಮ ನನಗೆ ಮೊದಲೇ ಬೇರೆಯಾಗಿ ಒಂದು ಮಾತು ಹೇಳಿದ್ದರು. ದಿನ ತುಂಬದ ಕೂಸು, ತೂಕ ಏರುತ್ತಿಲ್ಲ, ಚಳಿಗಾಲ ದಾಟಿದರೆ ನೋಡೋಣ ಎಂದಿದ್ದರು. ಇಮಾಮಬಿಗೂ ಇದು ಗೊತ್ತಿತ್ತು. ಮಾಬುಳಿಗೆ ಯಾರು ಹೇಳುತ್ತಾರೆ? ಇಷ್ಟು ದಿನದ ಮೇಲೆ ಅವಳು ನಗುವುದನ್ನು ಕಂಡಿದ್ದೆವು.

ಆ ವರ್ಷ ಚಳಿ ಬಿರುಸಾಗಿ ಬಂತು. ಬೆಳಗಿನ ಬಸ್ಸಿನ ಗಾಜುಗಳೆಲ್ಲ ಮಂಜಾಗಿರುತ್ತಿದ್ದವು. ಒಂದು ಮುಂಜಾನೆ ಹೋದಾಗ ಎದುರು ಮನೆಯ ಮುಂದೆ ಗಂಡಸರು ನಿಂತಿದ್ದರು. ಹುಸೇನಸಾಬನ ಎರಡೂ ಕೈಗಳ ಮೇಲೆ ಒಂದು ಬಿಳಿ ಬಟ್ಟೆಯ ಗಂಟು ಇತ್ತು. ಅದನ್ನು ಎತ್ತಿಕೊಳ್ಳಲು ಒಬ್ಬರು ಸಾಕಿತ್ತು.

ಬಾಬಾಜಾನ ನಸುಕಿನಲ್ಲಿ ಹೋಗಿದ್ದ. ಹಿಂದಿನ ಸಂಜೆ ಉಸಿರಾಡಲು ಕಷ್ಟಪಡುತ್ತಿದ್ದನಂತೆ. ಆಗ ಅಜ್ಜಿ ಒಲೆ ಹೊತ್ತಿಸುವಷ್ಟು ಹೊತ್ತು ಮಾಬು ಅವನನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಕೊಟ್ಟು ಕೂತಿದ್ದಳು.

ಈ ಸಲ ಯಾರೂ ಅವಳಿಗೆ ಏನೂ ಅನ್ನಲಿಲ್ಲ. ಇಮಾಮಬಿ ಅವಳನ್ನು ಅಪ್ಪಿಕೊಂಡು, "ಕೂಸಿಗೆ ತ್ರಾಣ ಇದ್ದಿದ್ದಿಲ್ಲವ್ವಾ, ನೀ ಏನೂ ಮಾಡಿಲ್ಲ, ನೀ ಏನೂ ಮಾಡಿಲ್ಲ" ಎಂದು ಕೇಳುವ ಮೊದಲೇ ಹೇಳುತ್ತಿದ್ದಳು. ಮಾಬು ಅವಳ ತೋಳಿನಿಂದ ಮೆಲ್ಲಗೆ ಬಿಡಿಸಿಕೊಂಡು ದೂರ ಹೋಗಿ ನಿಂತಳು. ಕೈಗಳು ಮತ್ತೆ ಕಂಕುಳೊಳಗೆ. ನಾನು ಹತ್ತಿರ ಹೋದಷ್ಟೂ ಹಿಂದೆ ಸರಿದಳು. ಬೆನ್ನಿಗೆ ಗೋಡೆ ಬಂದಾಗ, "ಬರಬ್ಯಾಡ್ರಿ ಅಕ್ಕೋರ" ಎಂದಳು. ಸಿಟ್ಟಿನಿಂದಲ್ಲ. ಒಲೆಯ ಹತ್ತಿರ ಬರುವ ಮಗುವಿಗೆ ದೊಡ್ಡವರು ಹೇಳುವ ಹಾಗೆ, ನನ್ನ ಮೇಲಿನ ಕಾಳಜಿಯಿಂದ ಹೇಳಿದಳು.

ಆಮೇಲೆ ಅವಳು ಯಾರ ಹತ್ತಿರವೂ ಮಾತಾಡಲಿಲ್ಲ. ನಾನು ವಾರ ವಾರ ಹೋದೆ. ಪೆಟ್ಟಿಗೆ ಒಯ್ಯದೆ ಬರಿಗೈಯಲ್ಲಿ ಹೋದೆ. ಕಥೆ ಹೇಳಿದೆ, ಬೆಲ್ಲ ಒಯ್ದೆ, ಸುಮ್ಮನೆ ಪಕ್ಕದಲ್ಲಿ ಕೂತೆ. ಅವಳು ನನ್ನಿಂದ ಒಂದು ಮಾರು ದೂರ ಕೂತು ನೆಲ ನೋಡುತ್ತಿದ್ದಳು. ವಾಸಂತಿ ಮೇಡಂ ತಮ್ಮ ಪರಿಚಯದ ಒಬ್ಬ ಮಕ್ಕಳ ಡಾಕ್ಟರಿಗೆ ತೋರಿಸಲು ಬೆಂಗಳೂರಿಗೆ ಕರೆತರುವಂತೆ ಹೇಳಿಕಳಿಸಿದರು. ಹುಸೇನಸಾಬ ಕೈಮುಗಿದ. "ಅಕ್ಕೋರ, ಮನಿಯಾಗ ಇಬ್ಬರು ಹ್ವಾದ್ರು. ಇಕೀನೂ ದೂರ ಕಳಸಂದ್ರ ಹೆಂಗ್ರಿ? ದೊಡ್ಡಾಕಿ ಆದ್ರ ತಾನ ಮರೀತಾಳ ಬಿಡ್ರಿ."

ಸಂಕ್ರಮಣ ಕಳೆಯುವ ಹೊತ್ತಿಗೆ ನಮ್ಮ ಕೆಲಸ ಮುಗಿಯಿತು. ಪ್ರಯೋಗ ಚೆನ್ನಾಗಿ ಆಗಿದೆ ಎಂದು ಮೇಡಂ ಹೇಳಿದರು. ಮಕ್ಕಳು ನಾವು ಅಂದುಕೊಂಡಿದ್ದಕ್ಕಿಂತ ಬೇಗ, ನಾವು ಅಂದುಕೊಂಡಿದ್ದಕ್ಕಿಂತ ಸಣ್ಣ ವಯಸ್ಸಿನಲ್ಲಿ, ಒಂದೆರಡು ಸಲ ನೋಡಿಯೇ ಕಾರಣವನ್ನು ಹಿಡಿಯುತ್ತಾರೆ. ಮಾಬುಳ ಹೆಸರು ಲೆಕ್ಕದಲ್ಲಿ ಬರಲಿಲ್ಲ, ಪ್ರಯೋಗ ಪೂರ್ತಿ ಮಾಡದ ಮಕ್ಕಳನ್ನು ಬಿಡುವುದು ಪದ್ಧತಿ. ಮೇಡಂ ಮುಂದಿನ ಕೆಲಸಕ್ಕೂ ನನ್ನನ್ನು ಕರೆದರು. ನಾನು ಬರುವುದಿಲ್ಲವೆಂದೆ. ಅವರು ಕಾರಣ ಕೇಳಲಿಲ್ಲ.

ಅಷ್ಟರಲ್ಲಿ ಇಮಾಮಬಿಯ ಕಣ್ಣುಗಳು ಪೂರ್ತಿ ಮಂಜಾದವು. ಹುಸೇನಸಾಬ ಅರಳೆ ಹಿಂಜಲು ಊರೂರು ತಿರುಗುವವನು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಮಾಬುಳನ್ನು ಶರೀಫಾಳ ಅಕ್ಕ ಜನ್ನತಬಿ ಮುಂಡರಗಿಗೆ ಕರೆದುಕೊಂಡು ಹೋದಳೆಂದು ಗಿರಿಜಕ್ಕ ಹೇಳಿದಳು. ಬೇಸಿಗೆ ಶುರುವಾಗುವ ಮುನ್ನ ಒಮ್ಮೆ ನೋಡಿಬರೋಣವೆಂದು ಹೋದೆ. ದಾರಿಯ ಎರಡೂ ಬದಿ ಬಿಳಿಜೋಳ ಕೊಯ್ದ ಹೊಲಗಳು ಬೋಳಾಗಿದ್ದವು.

ಜನ್ನತಬಿ ಬಳೆ ಅಂಗಡಿಯವರ ಮನೆಯಾಕೆ, ಅಕ್ಕರೆಯ ಹೆಂಗಸು. ಮನೆ ತುಂಬ ಮಕ್ಕಳು. ಮುಂದಿನ ಕೋಣೆಯಲ್ಲಿ ಬಳೆಯ ಸರಗಳು ಸಾಲಾಗಿ ತೂಗುತ್ತಿದ್ದವು. ಮಾಬು ಮೂಲೆಯಲ್ಲಿ ಕೂತಿದ್ದಳು. ತಲೆ ಬಾಚಿ ಎರಡು ಜಡೆ ಹಾಕಿದ್ದರು, ಕೂದಲಿನಲ್ಲಿ ಅರಳೆಯ ಎಳೆಗಳಿರಲಿಲ್ಲ. ಮೈ ಸ್ವಲ್ಪ ತುಂಬಿಕೊಂಡಿತ್ತು. ನನ್ನನ್ನು ಗುರುತು ಹಿಡಿದಳು, ಮೇಲೇಳಲಿಲ್ಲ.

"ಹೆಂಗದಾಳ್ರಿ?" ಎಂದು ಕೇಳಿದೆ.

"ಭಾಳ ಶಾಣ್ಯಾ ಹುಡುಗಿರಿ ಅಕ್ಕೋರ" ಎಂದಳು ಜನ್ನತಬಿ. "ನಮ್ಮವು ದಿನಾ ಒಂದ್ ಬಳಿ ಒಡೀತಾವು. ಇಕಿ ಬಂದಾಗಿಂದ ಒಂದಾರ ಒಡದಾಳೇನು ಕೇಳ್ರಿ. ಏನೂ ಮುಟ್ಟಂಗಿಲ್ಲ, ಏನೂ ಕೇಳಂಗಿಲ್ಲ. ಎಲ್ಲಿ ಕುಂಡ್ರಸ್ತೀವಿ ಅಲ್ಲೇ." ತನ್ನ ಮಕ್ಕಳ ಕಡೆ ತಿರುಗಿ, "ನೋಡಿ ಕಲೀರಿ" ಎಂದು ಗದರಿದಳು.

ಬಿಸಿಲಿನಲ್ಲಿ ನಡೆದು ಬಂದ ನನಗೆ ಬಾಯಾರಿತ್ತು. ಜನ್ನತಬಿ, "ಮಾಬು, ಅಕ್ಕೋರಿಗೆ ನೀರು ತಾ" ಎಂದಳು. ಮಾಬು ಏಳಲಿಲ್ಲ. "ಹೋಗವ್ವಾ, ದೂರದಿಂದ ನಿನ್ನ ನೋಡಾಕ ಬಂದಾರ" ಎಂದು ಮತ್ತೆ ಹೇಳಿದ ಮೇಲೆ ಒಳಗೆ ಹೋದಳು. ತಂಬಿಗೆಯನ್ನು ಕೈ ತಾಗದಂತೆ ಫ್ರಾಕಿನ ಚುಂಗಿನಲ್ಲಿ ಸುತ್ತಿ ಹಿಡಿದುಕೊಂಡು ಬಂದಳು. ನಾನು ಕೈ ಚಾಚಿದೆ. ಅವಳು ಕೊಡಲಿಲ್ಲ. ನನ್ನಿಂದ ಸ್ವಲ್ಪ ದೂರದಲ್ಲಿ ನೆಲದ ಮೇಲಿಟ್ಟು ಹಿಂದೆ ಸರಿದು ಗೋಡೆಗೆ ಹತ್ತಿ ನಿಂತಳು.

ನಾನು ತಂಬಿಗೆ ಎತ್ತಿಕೊಂಡು ಕುಡಿದೆ. ಅವಳು ನೆಲ ನೋಡುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ನನ್ನ ಬಾಯಿ, ಗಂಟಲು, ಆಮೇಲೆ ಕಣ್ಣು. ನಾನು ತಂಬಿಗೆ ಕೆಳಗಿಟ್ಟ ಮೇಲೂ ನೋಡುತ್ತಿದ್ದಳು. ಜನ್ನತಬಿ ಏನೇನೋ ಹೇಳುತ್ತಿದ್ದಳು, ನಾನು ಹೂಂಗುಟ್ಟುತ್ತಿದ್ದೆ, ಅವಳು ಕಣ್ಣು ತೆಗೆಯಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಎದ್ದೆ. ಬಾಗಿಲ ತನಕ ಹಿಂದೆಯೇ ಬಂದಳು. ನಾನು ಓಣಿಯ ತುದಿಯಲ್ಲಿ ತಿರುಗಿ ನೋಡಿದಾಗ ಬಿಸಿಲಿಗೆ ಹೊರಗೆ ಬಂದು ನಿಂತಿದ್ದಳು. ಕೈ ಬೀಸಿದೆ. ಅವಳು ಕೈ ಬೀಸಲಿಲ್ಲ. ಆ ನೀರು ಕುಡಿದ ಮೇಲೂ ನಾನು ನಡೆಯುತ್ತಿದ್ದೇನೆಯೋ ಇಲ್ಲವೋ ಎಂದು ನೋಡುತ್ತಿದ್ದಳು.